ತಳದ ಗೂಡು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹರಾಜಿನ ಗಂಟೆ ಹೊಡೆಯುವ ಮುಂಚೆ
ಅಬ್ಬಾ ನನಗೆ ಕಲಿಸಿದ್ದು ಒಂದೇ ಪಾಠ:
ಮೇಲಿನ ಪದರ ಮಾರುವವನದು,
ತಳ ಕೊಳ್ಳುವವನದು.
ತೋಳು ಮಡಚು, ಮೊಣಕೈವರೆಗೂ ಇಳಿಸು.

ದಿಬ್ಬೂರಹಳ್ಳಿಯ ಗಂಗುಲಪ್ಪ ಒಳ್ಳೆಯವನೇ.
ಆದರೂ ಜಾಲರಿಯ ಮೇಲೆ
ತುಂಬು ಗೂಡುಗಳನ್ನೇ ಹರವಿರುತ್ತಾನೆ,
ಹೆಣ್ಣು ನೋಡಲು ಬಂದವರ ಮುಂದೆ
ಇದ್ದುದರಲ್ಲಿ ಒಳ್ಳೆಯ ಜಮಖಾನ ಹಾಸಿದ ಹಾಗೆ.
ಮೋಸವಲ್ಲ ಅದು, ಕಸುಬು.
ತಳಕ್ಕೆ ಕೈ ಹಾಕಿದರೆ ಬೇಡವೆನ್ನುವುದಿಲ್ಲ,
ಬೀಡಿ ಹಚ್ಚಿಕೊಂಡು ಆಚೆ ನೋಡುತ್ತಾನೆ.

ಸಿಕ್ಕಿದ್ದನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು.
ಟಕ್ ಅಂದರೆ ಹುಳ ಗಟ್ಟಿ.
ಸದ್ದಿಲ್ಲದಿದ್ದರೆ ಒಳಗೇ ಸತ್ತು, ಕರಗಿ, ಅಂಟಿಕೊಂಡಿದೆ.
ಕಣ್ಣಿಗೆ ಪೊರೆ ಬಂದ ಮೇಲೂ ಅಬ್ಬಾ
ಮೂರು ವರ್ಷ ಕಿವಿಯಿಂದಲೇ ವ್ಯಾಪಾರ ಮಾಡಿದರು.

ನಿನ್ನೆ ರಾತ್ರಿ ಬೇಸಿನ್ನಿನ ಉರಿ ಆರಿಸಿ
ಫೋನಿನಲ್ಲಿ ಬರೆದೆ, ಒಂದೇ ಬೆರಳಲ್ಲಿ:
ಹುಳು ಬೇಯಿಸಿದ ಹಬೆ, ಎದೆ ಬಿಗಿತ, ಉಬ್ಬಸ.
ನೀವು ಕೇಳಿದ್ದು ‘ರವಿಕೆ ಬಿಗಿತ’ವೇ? ಅಂದಿತು.
ಅಲ್ಲಪ್ಪ ಮಾರಾಯ.
ಆಮೇಲೆ ಬಂದವು ಸಾಲಾಗಿ:
ರೇಷ್ಮೆ ಸೀರೆಗೆ ಶೇಕಡ ನಲವತ್ತು ರಿಯಾಯಿತಿ.
ಎದೆಗೆ ಉಜ್ಜುವ ಮುಲಾಮು.
ಹುಲ್ಲಿನ ಮೇಲೆ ಕೂತು ಉಸಿರು ಎಳೆಯುವ
ಕೆಮ್ಮೇ ಇಲ್ಲದ ಒಬ್ಬ ಹುಡುಗಿ.
ಎಲ್ಲಕ್ಕಿಂತ ಕೆಳಗೆ, ಬೂದು ಬಣ್ಣದಲ್ಲಿ,
ಇರುವೆ ಸಾಲಿನಷ್ಟು ಸಣ್ಣಗೆ:
ಕೆಲವು ಫಲಿತಾಂಶಗಳನ್ನು ತೋರಿಸಿಲ್ಲ.

ಯಾವ ಕೆಲವು?
ಆರಿಸಿದವರ ತೋಳು ಎಷ್ಟು ಆಳ ಇಳಿದಿತ್ತು?
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರಾ?

ಒಳ್ಳೆಯದೇ ಆಯಿತು ಬಿಡು ಆಪಾ,
ಅಂದಳು ಪಕ್ಕದ ಬೇಸಿನ್ನಿನ ಮುಬೀನಾ.
ಅವಳ ಮೈದುನ ಫೋನಿನ ಮಾತು ನಂಬಿ
ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟು ಕಷಾಯ ಕುಡಿದ.
ಕಾಲಿನ ಎರಡು ಬೆರಳು ಹೋದವು.
ಬಾಗಿಲಲ್ಲಿ ಅವನ ಚಪ್ಪಲಿ ನಾನೂ ನೋಡಿದ್ದೇನೆ,
ಒಂದರ ತುದಿ ಸವೆಯುವುದೇ ಇಲ್ಲ.
ಏನು ಹೇಳಲಿ ಅವಳಿಗೆ?
ಕೈಯಲ್ಲಿದ್ದ ಟೀ ಆರಿತು.

ನಾನೂ ಕೆಟ್ಟ ಗೂಡು ಕೊಂಡವಳೇ.
ಊಜಿ ನೊಣ ಹೊಕ್ಕ ಅರವತ್ತು ಕಿಲೋ.
ಬಾಣಲೆಯಲ್ಲಿ ಎಳೆ ಎಳೆಯೂ ಕಡಿದು
ಆ ತಿಂಗಳೆಲ್ಲ ಬರೀ ಹುರುಳಿ ಸಾರು.
ಅಬ್ಬಾ ಬೈಯಲಿಲ್ಲ. ಮರುದಿನ
ತೂತು ಬಿದ್ದ ಗೂಡೊಂದನ್ನು ನನ್ನ ಅಂಗೈಗಿಟ್ಟು
ಹೆಬ್ಬೆರಳಿಗೆ ಅದರ ಪರಿಚಯ ಮಾಡಿಸಿದರು,
ಹೊಸ ನೆಂಟರ ಪರಿಚಯ ಮಾಡಿಸುವ ಹಾಗೆ.
ಕರೆಂಟು ಹೋದರೂ ಈಗ ಆ ತೂತು ನನಗೆ ಗೊತ್ತು.

ಇನ್ನು ಜೋಡಿ ಗೂಡು.
ಎರಡು ಹುಳ ಸೇರಿ ಒಂದೇ ಮನೆ ಕಟ್ಟಿಕೊಂಡದ್ದು.
ಆರಿಸುವವರು ಮೊದಲು ಎಸೆಯುವುದು ಅದನ್ನೇ,
ಎಳೆ ಸಿಕ್ಕು, ಮೈಯೆಲ್ಲ ಗಂಟು.
ಗೌಸ್ ಸಾಬರು ಮಾತ್ರ ಚೀಲ ಹಿಡಿದು ಬಂದು
ಅದೇ ಬೇಕು ಅಂತ ಕೇಳಿ ಒಯ್ಯುತ್ತಾರೆ.
ಒರಟು ನೂಲಿಗೂ ಎಲ್ಲೋ ಒಬ್ಬ ನೇಕಾರ ಇದ್ದಾನಂತೆ.
ಫೋನಿನೊಳಗೆ ಕೂತು ಆರಿಸುವವರಿಗೆ
ಗೌಸ್ ಸಾಬರು ಗೊತ್ತಿರಲಾರರು.

ಹುಡುಕುವುದು ಅಂದರೆ ನಮ್ಮಲ್ಲಿ ಇಷ್ಟು:
ಕುದಿನೀರಲ್ಲಿ ಬ್ರಷ್ ಆಡಿಸಿ ಆಡಿಸಿ
ಸಿಕ್ಕಿನ ಜೊಂಡಿನಿಂದ ಒಂದು ತುದಿ ಹಿಡಿಯುವುದು.
ಬೆಂದೂ ಬೆಂದೂ ಬೆರಳ ಗೆರೆ ಅಳಿಸಿ
ರೇಷನ್ ಅಂಗಡಿಯ ಯಂತ್ರ ನನ್ನನ್ನು ನಾನಲ್ಲ ಅನ್ನುತ್ತದೆ,
ನಾಲ್ಕು ಸಲ ಒತ್ತಿಸುತ್ತಾನೆ ರಾಮಾಂಜಿನಿ.
ಯಾವ ಯಂತ್ರಕ್ಕೂ ಗುರುತು ಸಿಗದ ಇದೇ ಬೆರಳಿಗೆ
ಎಳೆಯ ತುದಿಯ ಗುರುತು ತಪ್ಪಿಲ್ಲ.

ಅದಕ್ಕೇ ಹೇಳುವುದು,
ಮೇಲೆ ಚೆಂದದ್ದನ್ನೇ ಹರವಿ ಬೇಕಾದರೆ,
ಗಂಗುಲಪ್ಪನೂ ಹರವುತ್ತಾನೆ.
ಹುಳುಕಿಗೆ ಹುಳುಕು ಅಂತ ಚೀಟಿ ಅಂಟಿಸಿ,
ಕೆಂಪು ಶಾಯಿಯಲ್ಲೇ ಬರೆಯಿರಿ.
ಇಳಿಯುವ ತೋಳನ್ನು ಮಾತ್ರ ಹಿಡಿಯಬೇಡಿ.

ಮತ್ತೆ ಬರೆದೆ. ಮತ್ತೆ ಅದೇ ಸೀರೆ.
ಫೋನು ಕವುಚಿಟ್ಟೆ.
ಗೋಡೆಯ ಆಚೆ ಮುಬೀನಾಳ ಕೆಮ್ಮು,
ಒಂದು, ಆಮೇಲೆ ಮೂರು,
ಆಮೇಲೆ ಏನೂ ಇಲ್ಲ.
ಗೋಡೆಗೆ ಕಿವಿ ಇಟ್ಟು
ಸದ್ದಿಗಾಗಿ ಕಾಯುತ್ತೇನೆ.