ನಲವತ್ತೊಂದನೆಯ ಸಾಲು

ಹನ್ನೆರಡು ವರ್ಷ ಗಜನಿಯ ಕೆಸರಲ್ಲಿ
ಮೊಣಕಾಲುದ್ದ ಹೂತು ಕಗ್ಗದ ತೆನೆ ಎಣಿಸಿದವಳು
ಈಗ ಕುಮಟೆಯ ಮಹಡಿಯಲ್ಲಿ, ಫ್ಯಾನಿನ ಕೆಳಗೆ,
ಎಲ್ಲರ ಎಣಿಕೆ ತಿದ್ದುತ್ತೇನೆ.
ಉಗುರಲ್ಲಿ ಮಣ್ಣಿಲ್ಲ. ಕತ್ತು ನೋಯುತ್ತದೆ.

ನೀರಿನ ಉಪ್ಪನ್ನು ಒಬ್ಬ ಗ್ರಾಂನಲ್ಲಿ ಬರೆದ,
ಇನ್ನೊಬ್ಬ ‘ಜಾಸ್ತಿ’ ಎಂದು ಬರೆದು ಊಟಕ್ಕೆ ಹೋದ.
ಊರು ಒಂದೇ, ಕಾಗುಣಿತ ಐದು.

ನಲವತ್ತೊಂದನೆಯ ಸಾಲು:
ಗದ್ದೆ, ಬೊಮ್ಮು ಪಟಗಾರ. ಇಳುವರಿ, ಸೊನ್ನೆ.
ಸೊನ್ನೆ ಬರೆದ ಕೈ ನನ್ನದೇ.

ಫೋನು ಮಾಡಿದೆ.
“ಆ ವರ್ಸ ಕಟ್ಟೆ ಒಡದಿತ್ತು ಅಮಾ, ಕೊಯ್ಲೇ ಇಲ್ಲ.
ಹೊಳೆ ಒಳಗೆ ಬಂತು, ಸಂಗಡ ಶೆಟ್ಲಿ, ಏಡಿ.
ತಿಂಗಳಗಟ್ಟಲೆ ಉಂಡ್ರು ಹುಡುಗ್ರು.
ಸೊನ್ನೆ ಅಂದ್ರೆ ಹ್ಯಾಂಗೆ?”

ಶೆಟ್ಲಿಗೆ ಕಾಲಮ್ಮಿಲ್ಲ.
ಸೊನ್ನೆ ಅಳಿಸಿ ಮನೆ ಖಾಲಿ ಬಿಟ್ಟೆ,
ಪಕ್ಕದಲ್ಲಿ ಷರಾ: ಕಟ್ಟೆ ಒಡೆದಿತ್ತು. ಶೆಟ್ಲಿ ಸಿಕ್ಕಿತು.

ನಾಳೆ ಈ ಪಟ್ಟಿ ಎಲ್ಲರಿಗೂ ತೆರೆಯುತ್ತದೆ,
ಎಲ್ಲಿಯ ಉಪ್ಪು ದಡದವರಾದರೂ ಒಯ್ಯಬಹುದು.
ಬೊಮ್ಮುವಿನ ತಾಯಿ ಬಿತ್ತನೆಗೆ ಕೊಡುವಾಗ
ಕೊಳಗ ತುಂಬಿದ ಮೇಲೂ ಒಂದು ಹಿಡಿ ಹಾಕುತ್ತಿದ್ದಳು;
ಯಾವ ಗದ್ದೆಯದು, ಎಷ್ಟು ಉಪ್ಪು ತಿಂದದ್ದು
ಹೇಳದೆ ಕಳಿಸಿದವಳಲ್ಲ.

ಷರಾ ಇನ್ನೊಮ್ಮೆ ಓದಿದೆ.
ಏಡಿ ಬಿಟ್ಟುಹೋಗಿತ್ತು. ಸೇರಿಸಿದೆ.