ದಿಬ್ಬಣ

ನಮ್ಮ ಹಾಯಿ ಮೊದಲು ಮದುವೆ ವೇದಿಕೆಯ ಹಿಂಬದಿ ಪರದೆ.
ಸಂತೆಕಟ್ಟೆಯ ಶಾಮಿಯಾನದವ ಇನ್ನೂರಕ್ಕೆ ಕೊಟ್ಟ,
ಲಿಗೋರಿ ಎರಡು ರಾತ್ರಿ ಮಿಷನ್ನಿಗೆ ಕೂತು
ಮುಮ್ಮೂಲೆ ಮಾಡಿ ಹೊಲಿದ.
ಅಂಚಿನಲ್ಲಿ ಉಳಿದುಹೋದ 'ಶುಭ' ಮಾತ್ರ
ಎಷ್ಟು ಒಗೆದರೂ ಹೋಗಲಿಲ್ಲ.
ಗಾಳಿ ತುಂಬಿದಾಗ ಅದು ಹೊಟ್ಟೆಯುಬ್ಬಿಸಿಕೊಂಡು
ಸ್ವರ್ಣೆಯ ಎರಡೂ ದಡಕ್ಕೆ ಕಾಣುತ್ತದೆ.
ಕುದ್ರುವಿನ ಹೆಂಗಸರು ನಾರು ಬಡಿಯುವುದು ನಿಲ್ಲಿಸಿ
"ದಿಬ್ಬಣ ಬಂತು" ಎಂದು ನಗುತ್ತಾರೆ.
ನಾಲ್ಕು ಜನ. ಮದುಮಗ ಯಾರೂ ಅಲ್ಲ.
ಎಲ್ಲರಿಗೂ ಐವತ್ತು ದಾಟಿದೆ.

ತಿಂಗಳ ಎರಡನೇ ಶನಿವಾರ, ಹೀಗೆ ಹನ್ನೊಂದು ವರ್ಷ.
ಇದಿನಬ್ಬನ ಕೈಯಲ್ಲಿ ಪತ್ತಿರ್ ಡಬ್ಬಿ,
ನನ್ನ ಕೈಯಲ್ಲಿ ನೀರು ಮೊಗೆಯುವ ಚೊಂಬು
(ನಮ್ಮ ದೋಣಿ ಸ್ವಲ್ಪ ಅಳುಬುರುಕಿ),
ಚುಕ್ಕಾಣಿ ಯಾವತ್ತೂ ವಾಮನನದು.
ಕಾಂಡ್ಲದ ಎಲೆ ಮಗುಚುವ ಮೊದಲೇ ಅವನಿಗೆ ಗೊತ್ತು
ಗಾಳಿ ಎತ್ತ ಹೊರಳುತ್ತದೆಂದು.
ಮೂಗಿನಿಂದ ಓದುತ್ತಾನೆ ಅದನ್ನು,
ನಾವು ಪೇಪರು ಓದಿದ ಹಾಗೆ.
ಕೋಡಿಯ ಮೊಗವೀರರ ಮನೆಯವನು, ಕೇಳಬೇಕೇ
ಎಂದುಕೊಂಡಿದ್ದೆವು.

ಆ ಶನಿವಾರ ಕೆಮ್ಮಣ್ಣಿನಿಂದ ಹೊರಟದ್ದೇ ತಡವಾಗಿ.
ಇಳಿತ ಶುರುವಾಗಿ ಎಷ್ಟೋ ಹೊತ್ತಾಗಿತ್ತು.
ಅಳಿವೆಯ ಮೊರೆತ ಆಗಲೇ ಕಿವಿಗೆ ಬಿದ್ದಿತ್ತು;
ಲಿಗೋರಿ ಎಡಕ್ಕೆ ಅಂದ, ಇದಿನಬ್ಬ ಬಲಕ್ಕೆ,
ದೋಣಿ ಇಬ್ಬರ ಮಾತೂ ಕೇಳದೆ
ಹೊಟ್ಟೆ ಉಜ್ಜಿಕೊಂಡು ನಿಂತಿತು.
ದಿಬ್ಬಣ ದಿಬ್ಬ ಹತ್ತಿತು.

ಗಳ ಊರಿದೆವು. ನೂಕಿದೆವು. ಬೈದೆವು,
ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ;
ನದಿಗೆ ಮೂರೂ ಬರುತ್ತದೆ, ಮೂರಕ್ಕೂ ಕಿವಿಗೊಡಲಿಲ್ಲ.
ನೀರು ನಮ್ಮನ್ನು ಬಿಟ್ಟು ಹೋಗುತ್ತಲೇ ಇತ್ತು,
ಸಾಲ ತೀರಿಸಿದ ಗಿರಾಕಿಯ ಹಾಗೆ, ತಿರುಗಿ ನೋಡದೆ.
ಇನ್ನು ಭರತ ಏರಬೇಕು. ಅಂದರೆ ಮಧ್ಯಾಹ್ನ ಮೂರು.

ಲಿಗೋರಿ ಲುಂಗಿ ಎತ್ತಿ ಕಟ್ಟಿ ಮರುವಾಯಿ ಹೆಕ್ಕಿದ.
ಇದಿನಬ್ಬ ಹಾಯಿ ಹೊದ್ದು ಮಲಗಿದ,
'ಶುಭ' ಅವನ ಮೊಣಕಾಲ ಮೇಲೆ.
ಏಡಿಯೊಂದು ತೂತಿನಿಂದ ಹೊರಬಂದು
ನಮ್ಮನ್ನು ನೋಡಿ ವಾಪಸು ಹೋಯಿತು.
ವಾಮನ ಮಾತ್ರ ದೋಣಿ ಬಿಟ್ಟಿಳಿಯಲಿಲ್ಲ.

ಪಾದ ಮುಳುಗದ ನೀರು ಮಾರಾಯ, ಇಳಿ ಅಂದೆ.
ಅವನು ಚುಕ್ಕಾಣಿಯ ಹಿಡಿ ಒರೆಸುತ್ತ
ಸಂಬಳದ ತಾರೀಕು ಹೇಳುವವನಂತೆ ಹೇಳಿದ:
"ನನಗೆ ಈಜು ಬರುವುದಿಲ್ಲ."

ಹಾಯಿಯ ಕೆಳಗೆ ಗೊರಕೆ ನಿಂತಿತು.
"ಅಮ್ಮ ನೀರಿಗಿಳಿಯಲು ಬಿಡುತ್ತಿರಲಿಲ್ಲ.
ಒಣಮೀನು ಕಾಯಲು ಕೂರಿಸುತ್ತಿದ್ದಳು.
ಕಾಗೆ ಓಡಿಸುತ್ತ ಓಡಿಸುತ್ತ ಗಾಳಿ ಕಲಿತೆ."
ಮತ್ತೆ ಹನ್ನೊಂದು ವರ್ಷ ಹೇಗೆ ಬಂದೆ?
"ನೀವು ಕರೆದಿರಿ."

ಹೇಳುವ ಮಾತಿಗೆ
ನಮ್ಮಲ್ಲಿ ಭಾಷೆ ಇರಲಿಲ್ಲ, ಮೂರಿದ್ದೂ.
ಪತ್ತಿರ್ ಹಂಚಿಕೊಂಡೆವು. ಅವನಿಗೆ ಒಂದು ಹೆಚ್ಚು ಹೋಯಿತು,
ಯಾರ ಪಾಲಿನದೋ.

ಭರತ ಬಂದದ್ದು ಸದ್ದಿಲ್ಲದೆ.
ಮೊದಲು ಏಡಿಯ ತೂತು ತುಂಬಿತು, ಆಮೇಲೆ ನಮ್ಮ ಹೆಜ್ಜೆಗಳು,
ಆಮೇಲೆ ದೋಣಿ,
ನಿದ್ದೆಯಲ್ಲಿ ಮಗ್ಗುಲಾದ ಮಗುವಿನಷ್ಟು ಅಲುಗಿತು.
ಪಡುಗಾಳಿ ಎದ್ದಿತ್ತು. ಅಳಿವೆ ನೋಡದೆಯೇ ತಿರುಗಿದೆವು.
"ಜಗ್ಗಿ" ಅಂದ ವಾಮನ, ಎಂದಿನ ಗಂಟಲಲ್ಲಿ. ಜಗ್ಗಿದೆವು.
ಆದರೆ ದೋಣಿ ವಾಲಿದಾಗೆಲ್ಲ ಮೂರು ಜೊತೆ ಕಣ್ಣು
ಹಾಯಿ ಬಿಟ್ಟು ಅವನ ಮೇಲೆ.
ಅವನಿಗದು ಗೊತ್ತಾಗಿತ್ತು. ಸಿಟ್ಟೂ ಬಂದಿತ್ತು.

ಮುಂದಿನ ತಿಂಗಳು ಅವನು ಕೂರುವ ಹಲಗೆಗೆ
ತೆಂಗಿನೆಣ್ಣೆಯ ಖಾಲಿ ಕ್ಯಾನೊಂದನ್ನು ಹಗ್ಗದಲ್ಲಿ ಕಟ್ಟಿತ್ತು.
ಕಟ್ಟಿದ್ದು ಯಾರೆಂದು ಯಾರೂ ಕೇಳಲಿಲ್ಲ.
ವಾಮನ ಬಂದ, ನೋಡಿದ, ಮುಚ್ಚಳ ತಿರುಗಿಸಿ
ನೆಲಗಡಲೆ ತುಂಬಿಸಿ, ಮತ್ತೆ ಬಿಗಿಯಾಗಿ ಮುಚ್ಚಿದ.
"ತೇಲುತ್ತದಾ ಇದು ಈಗ?" ಎಂದೆ.
"ಅರ್ಧ ತಿಂದ ಮೇಲೆ" ಅಂದ.