ನೀರುನಾಯಿಯ ಚರ್ಮ

ರಕ್ಷಾಪುಟ ಕಿತ್ತುಹೋದ ಪುಸ್ತಕಗಳು ಬರುತ್ತಿದ್ದದ್ದು
ಭದ್ರಾವತಿಯ ಕಾಗದದ ಕಾರ್ಖಾನೆಯಿಂದ.
ಯಾವ ದೇಶದ ರದ್ದಿಯೋ, ಹಡಗಿಳಿದು, ಘಟ್ಟ ಹತ್ತಿ,
ಅರೆದು ಗಂಜಿಯಾಗುವ ಮುನ್ನ
ಗಂಗೋಜಿರಾಯರ ಕೈಗೆ ಸಿಕ್ಕಿದ್ದು ಬದುಕುತ್ತಿತ್ತು:
ಊಟದ ಡಬ್ಬಿಯ ಕೆಳಗಿನ ಖಾನೆಯಲ್ಲಿ ಮುದುರಿ ಕೂತು
ಗೇಟು ದಾಟಿ, ಆರೂಕಾಲರ ಬಸ್ಸಿಗೆ ಶಿವಮೊಗ್ಗ.

ದುರ್ಗಿಗುಡಿಯ ಓಣಿಯಲ್ಲಿ ಲಿಯೊನಿಲ್ಲಾ ಬಾಯಿಯ ಲೈಬ್ರರಿ.
ದಿನಕ್ಕೆ ನಾಲ್ಕಾಣೆ, ಮೂಲೆ ಮಡಚಿದರೆ ಎಂಟಾಣೆ.
ಟೀವಿಯಲ್ಲಿ ಬಂದ ದೆವ್ವಗಳು ಪುಸ್ತಕವಾದರೆ
ಅವಕ್ಕೆ ಬೇರೆಯೇ ಕಪಾಟು, ಯೇಸುವಿನ ಪಟದಿಂದ ದೂರ.

ಗುರುವಾರ ರಾತ್ರಿ ಒಂಬತ್ತೂವರೆಗೆ ಧಾರಾವಾಹಿ,
ಒಂಬತ್ತೂ ನಲವತ್ತಕ್ಕೆ ಕರೆಂಟು ಮಾಯ.
ಜೋಗದಲ್ಲಿ ಹುಟ್ಟಿದ್ದು ನಮಗೇ ಇಲ್ಲ ಅಂತ ಅಪ್ಪ ಬೈಯುವಾಗ
ಪರದೆಯ ನಡುವೆ ಒಂದು ಬಿಳಿ ಚುಕ್ಕೆ
ಕೊಳ್ಳಿದೆವ್ವದ ಹಾಗೆ ಸಣ್ಣಗಾಗಿ ಆರುತ್ತಿತ್ತು.
ಉಳಿದದ್ದಕ್ಕೆ ಬಾಯಿಯೇ ಗತಿ.

ಕಥೆ ಇಷ್ಟು: ಉತ್ತರದ ಯಾವುದೋ ಚಳಿ ಸಮುದ್ರ.
ಹುಣ್ಣಿಮೆಗೆ ದಡಕ್ಕೆ ಬಂದು, ಚರ್ಮ ಕಳಚಿಟ್ಟು,
ಹೆಣ್ಣಾಗಿ ಕುಣಿಯುವ ಜೀವ. ಚರ್ಮ ಕದ್ದವನೇ ಗಂಡ.
ಅಟ್ಟದ ಪೆಟ್ಟಿಗೆಗೆ ಬೀಗ, ಕೀಲಿಕೈ ಅವನ ಕೊರಳಲ್ಲಿ, ಮೂರು ಮಕ್ಕಳು.
ಅಲ್ಲಿನ ಅಜ್ಜಿಯರು ಹೇಳಿದ್ದು ಇಷ್ಟೇ ಅಂತೆ;
ಟೀವಿಯವರು ಒಬ್ಬ ಪತ್ತೇದಾರನನ್ನೂ ಒಂದು ಕಪ್ಪು ಕಾರನ್ನೂ ಸೇರಿಸಿದ್ದರು.

ಸೀಲ್ ಅಂದರೇನು ಬಾಯಮ್ಮ?
ನನಗೆ ಗೊತ್ತಿದ್ದದ್ದು ತಾಲ್ಲೂಕು ಕಚೇರಿಯಲ್ಲಿ ಒತ್ತುವ ಸೀಲು.
ಬಾಯಿ ಕನ್ನಡಕ ಒರೆಸಿ,
'ನೀರುನಾಯಿ ಅಂತಿಟ್ಟುಕೋ' ಅಂದರು.
ಅವತ್ತಿನಿಂದ ಕೋರ್ಪಲಯ್ಯನ ಮಂಟಪದ ಹತ್ತಿರ
ತುಂಗೆಯಲ್ಲಿ ಕಪ್ಪು ತಲೆಯೊಂದು ಎದ್ದು ಮುಳುಗಿದರೆ
ಬಟ್ಟೆ ಒಗೆಯುವ ಹೆಂಗಸರನ್ನು ಎಣಿಸುತ್ತಿದ್ದೆ,
ಒಬ್ಬಳು ಕಮ್ಮಿಯಾದಳೇನೋ ಅಂತ.

ಇನ್ನೂರ ಹನ್ನೊಂದನೇ ಪುಟದಲ್ಲಿ ಅವಳಿಗೆ ಕೀಲಿಕೈ ಸಿಗುತ್ತದೆ.
ಆಮೇಲಿನ ಹಾಳೆ ಇಲ್ಲ.
'ಕಾರ್ಖಾನೆಯಲ್ಲೇ ಹೋಯ್ತು' ಅಂದರು ಬಾಯಿ, 'ನಾನು ಓದಿದ್ದೆ, ಹೇಳ್ತೀನಿ ಬಾ.'
ನನಗೆ ಹೇಳಿದ್ದು: ಹನ್ನೊಂದು ವರ್ಷಕ್ಕೆ ಚರ್ಮ ಒಣಗಿ ಸೆಟೆದಿತ್ತು,
ಹೆಗಲಲ್ಲಿ ಬಿಗಿ. ರಾತ್ರಿಯೆಲ್ಲ ಕೂತು ಎಣ್ಣೆ ತಿಕ್ಕಿದಳು.
ಆಮೇಲೆ?
'ಎಣ್ಣೆ ಇಳಿಯೋಕೆ ಹೊತ್ತು ಬೇಕಲ್ವಾ ಮಗಾ.'

ಮೂವತ್ತೈದು ವರ್ಷವಾದ ಮೇಲೆ
ಇಶ್ರತ್‌ಳ ಮೊಮ್ಮಗನ ಸುನ್ನತಿಯ ಊಟದಲ್ಲಿ ಗೊತ್ತಾಯಿತು:
ಅವಳಿಗೆ ಹೇಳಿದ್ದು, ಒಲೆಯ ಮೇಲೆ ಅನ್ನ ಬಿಟ್ಟು ಹೊರಟೇ ಹೋದಳು ಅಂತ.
ಶೇಟರ ಮನೆಯ ವಾಮನನಿಗೆ,
ಚರ್ಮವನ್ನು ಗಂಡನಿಗೇ ಹೊದಿಸಿ ನೀರಿಗೆ ನೂಕಿದಳಂತೆ.
ಅವನು ಇನ್ನೂ ಅದನ್ನು ಹೆಂಡತಿಗೆ ಹೇಳಿಲ್ಲ.
ಮೆಗ್ಗಾನ್ ಆಸ್ಪತ್ರೆಯ ನರ್ಸ್ ಸುಂದರವ್ವ,
ರಾತ್ರಿ ಪಾಳಿ ಮುಗಿಸಿ ಬಂದು ಕೇಳಿಸಿಕೊಂಡವಳು, ಬಲು ಗಟ್ಟಿಯಾಗಿ:
'ಪೆಟ್ಟಿಗೆ ಮುಚ್ಚಿ ಕೀಲಿಕೈ ತನ್ನ ಕೊರಳಿಗೆ ಹಾಕ್ಕೊಂಡ್ಳು. ಅಷ್ಟೇ.'
ಬಿರಿಯಾನಿ ಆರಿತು. ಯಾರೂ ಸೋಲಲಿಲ್ಲ.

ಬಾಯಿ ತೀರಿಕೊಂಡ ವರ್ಷ ಕಾರ್ಖಾನೆಯೂ ಮುಚ್ಚಿತ್ತು,
ಅರೆಯಲು ಯಾರೂ ಇಲ್ಲ. ತಂಗಿಯ ಮಗ ಕಪಾಟುಗಳನ್ನು
ತೂಕಕ್ಕೆ ಹಾಕುತ್ತಿದ್ದ. ನಾನು ತಂದದ್ದು
ಅದೊಂದು ಪುಸ್ತಕ, ಜೊತೆಗೆ ಲೆಕ್ಕದ ವಹಿ.

ಮನೆಯಲ್ಲಿ ದೀಪದ ಕೆಳಗೆ ಹಿಡಿದು ನೋಡಿದೆ:
ಹರಿದದ್ದಲ್ಲ. ಅಡಿಕೋಲಿಟ್ಟು ಬ್ಲೇಡಿನಲ್ಲಿ ಕೊಯ್ದದ್ದು.

ಹಾಳೆ ವಹಿಯೊಳಗಿತ್ತು.
ಅದರಲ್ಲಿ ಅವಳೂ ಇಲ್ಲ, ಚರ್ಮವೂ ಇಲ್ಲ.
ಮುಂದಿನ ಭಾಗ ಬೇಕಾದವರು ಈ ಚೀಟಿ ತುಂಬಿ ಕಳಿಸಿ
ಎಂದು ಇಂಗ್ಲಿಷಿನಲ್ಲಿ, ಕೆಳಗೆ ಚುಕ್ಕಿ ಸಾಲು.
ಸಾಲಿನ ಮೇಲೆ ನೀಲಿ ಶಾಯಿಯಲ್ಲಿ ಬಾಯಿಯ ದುಂಡು ಅಕ್ಷರ:
ಹೆಸರು, ಓಣಿ, ಊರು. ಪ್ರತಿಗಳು: ಒಂದು.
ಮಗ್ಗುಲಲ್ಲಿ ಪೆನ್ಸಿಲ್ಲಿನಲ್ಲಿ ಡಾಲರಿಗೆ ರೂಪಾಯಿಯ ಗುಣಾಕಾರ,
ಎರಡು ಸಲ ಮಾಡಿದ್ದು.
ಎರಡು ಸಲವೂ ಅಷ್ಟೇ ಬಂದಿತ್ತು.